ಹೊಲಿಗೆ ಮಷಿನ್ನಿಗೆ ಕಟ್ಟಿದ ಹಲ್ಲು

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ದಶಾಂಶಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು, ಎಡಗೈಯಲ್ಲಿ ಸ್ಟಾಪ್ ವಾಚ್ ಹಿಡಿದು, ಬಲಗೈಯಲ್ಲಿ ಬಿಸ್ಕತ್ತನ್ನು ಚಹಾದೊಳಗೆ ಅದ್ದುತ್ತಿದ್ದ. ಒಂಬತ್ತನೇ ಸೆಕೆಂಡಿಗೆ ಬಿಸ್ಕತ್ತು ಬಾಗಿತು. ಹನ್ನೊಂದೂವರೆ ಸೆಕೆಂಡಿಗೆ ಮುರಿದು ಲೋಟದ ತಳ ಸೇರಿತು.

"ಕಳೆದ ವಾರ ಹದಿಮೂರು ಇತ್ತು," ಎಂದು ಬೇಸರದಿಂದ ಹೇಳಿದ. "ಈ ಪ್ಯಾಕೆಟ್ ಮೆತ್ತಗಾಗಿದೆ."

ಎದುರಿಗೆ ಕೂತು ಬಿಳಿ ಕೋಟೊಂದಕ್ಕೆ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ತಿನ್ನೋ ಪದಾರ್ಥನ ಬಾಯಿಗೆ ಹಾಕ್ಕೋಬೇಕು ಅಳಿಯಂದಿರೇ. ಪರೀಕ್ಷೆಗೆ ಕೂರಿಸಬಾರದು."

ದಶಾಂಶಪ್ಪ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬೀದಿಯ ತರಕಾರಿಯವಳು ಇಟ್ಟದ್ದು. ಒಮ್ಮೆ ಅರ್ಧ ಕಿಲೋ ಕ್ಯಾರೆಟ್ಟನ್ನು ಮನೆಗೆ ತಂದು ತೂಗಿ, ಮತ್ತೆ ಅವಳ ಬಳಿ ಹೋಗಿ, "ನಾನೂರ ತೊಂಬತ್ತೆಂಟು ಪಾಯಿಂಟ್ ಆರು ಗ್ರಾಂ ಇದೆ, ಜಗಳಕ್ಕೆ ಬಂದಿಲ್ಲ, ಸುಮ್ಮನೆ ತಿಳಿಸೋಣ ಅಂತ ಬಂದೆ" ಎಂದಿದ್ದ. ಆವತ್ತಿನಿಂದ ಇಡೀ ಬೀದಿಗೆ ಅವನು ದಶಾಂಶಪ್ಪ.

ಅವನ ಉದ್ಯೋಗವೇ ಅಂಥದ್ದು. ಹಲ್ಲಿನ ತೂತು ತುಂಬಲು ವೈದ್ಯರು ಬಳಸುವ ಪದಾರ್ಥಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷಗಳಿಂದ ಇದ್ದಾನೆ. ಒಂದೊಂದು ಪದಾರ್ಥದಿಂದಲೂ ಕಾಳಿನಷ್ಟು ದೊಡ್ಡ ತುಂಡುಗಳನ್ನು ಮಾಡಿ, ಯಂತ್ರದ ನಡುವೆ ಇಟ್ಟು ಪುಡಿಯಾಗುವ ತನಕ ಒತ್ತುತ್ತಾನೆ, ಬಾಗಿಸುತ್ತಾನೆ, ಬ್ರಷ್ಷಿನಿಂದ ಇಪ್ಪತ್ತು ಸಾವಿರ ಸಲ ಉಜ್ಜುತ್ತಾನೆ, ಐದು ಡಿಗ್ರಿಯ ತಣ್ಣೀರಿಗೂ ಐವತ್ತೈದರ ಬಿಸಿನೀರಿಗೂ ಮುಳುಗಿಸಿ ಮುಳುಗಿಸಿ ತೆಗೆಯುತ್ತಾನೆ, ಬಣ್ಣ ಕೆಡುತ್ತದೆಯೇ ಎಂದು ಕಾಫಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕುತ್ತಾನೆ. ಇಷ್ಟಾದರೂ ಅವನು ಹತ್ತಿರದಿಂದ ನೋಡಿದ ಬಾಯಿ ಒಂದೇ, ಅತ್ತೆಯದು. ಅವರ ಕೆಳದವಡೆಯಲ್ಲಿ ಇಪ್ಪತ್ತೆಂಟು ವರ್ಷ ಹಳೆಯ ಬೆಳ್ಳಿಬಣ್ಣದ ತುಂಬುವಿಕೆಯೊಂದಿದೆ. ಅತ್ತೆ ಆಕಳಿಸಿದಾಗಲೆಲ್ಲ ದಶಾಂಶಪ್ಪ ಟಾರ್ಚ್ ಹುಡುಕುತ್ತಾನೆ.

ಒಂಬತ್ತು ಹದಿನಾಲ್ಕಕ್ಕೆ ಮುಂದಿನ ಕೋಣೆಯಿಂದ "ಟಕ್" ಎಂಬ ಸದ್ದು ಬಂತು. ಅದರ ಹಿಂದೆಯೇ ಹೊಲಿಗೆ ಮಷಿನ್ನಿನ ಸದ್ದು ನಿಂತಿತು. ಮೂರು ವಾರದಿಂದ ಆ ಮನೆಯಲ್ಲಿ ಆ ಸದ್ದು ನಿಂತಿರಲಿಲ್ಲ. ಅತ್ತೆಯ ಸೂಜಿ ಅರ್ಧಕ್ಕೇ ನಿಂತಿತು. ದಶಾಂಶಪ್ಪ ಮುಳುಗಿದ ಬಿಸ್ಕತ್ತನ್ನು ಮರೆತು ಎದ್ದ.

ಹೆಂಡತಿ ಮಷಿನ್ನನ್ನು ಆಗಲೇ ಮಗ್ಗುಲಾಗಿ ಮಲಗಿಸಿ, ತಳದ ಮುಚ್ಚಳ ಬಿಚ್ಚಿದ್ದಳು. ಒಳಗೆ ಎರಡು ಚಕ್ರಗಳು ಹಲ್ಲಿಗೆ ಹಲ್ಲು ಕೂಡಿ ನಿಂತಿದ್ದವು. ದೊಡ್ಡದು ನೈಲಾನಿನದು, ಚಿಕ್ಕದು ಹಿತ್ತಾಳೆಯದು. ದೊಡ್ಡದರಲ್ಲಿ ಒಂದು ಹಲ್ಲಿನ ಜಾಗ ಖಾಲಿ. ಮುರಿದ ಚೂರು ಅವಳ ಅಂಗೈಯಲ್ಲಿತ್ತು.

"ಇನ್ನೂ ಐದು ಕೋಟು ಇದೆ," ಎಂದಳು. ಅಷ್ಟೇ ಹೇಳಿದ್ದು.

ಉಳಿದದ್ದನ್ನು ಹೇಳುವ ಅಗತ್ಯವಿರಲಿಲ್ಲ. ದಂತವೈದ್ಯ ಕಾಲೇಜಿಗೆ ಹೊಸದಾಗಿ ಸೇರಿದ ಇಪ್ಪತ್ತನಾಲ್ಕು ಮಂದಿ ಸೋಮವಾರ ಬೆಳಿಗ್ಗೆ ಮೊದಲ ಸಲ ಬಿಳಿ ಕೋಟು ತೊಡುವವರಿದ್ದರು. ಕೋಟುಗಳನ್ನು ಒಯ್ಯಲು ಕಾಲೇಜಿನ ವ್ಯಾನು ಆ ದಿನವೇ ಸಂಜೆ ಐದಕ್ಕೆ ಬರುವುದಿತ್ತು. ಹದಿನೇಳು ವರ್ಷ ಅವಳು ದೊಡ್ಡ ಅಂಗಡಿಯೊಂದರಲ್ಲಿ ಹೊಲಿದಿದ್ದಳು. ಅವಳು ಹೊಲಿದ ಬಟ್ಟೆಗಳೆಲ್ಲ ಅಂಗಡಿಯ ಚೀಟಿ ಹೊತ್ತು ಹೊರಟುಹೋಗಿದ್ದವು. ಎಂಟು ತಿಂಗಳ ಹಿಂದೆ ಅದನ್ನು ಬಿಟ್ಟು ಮನೆಯಲ್ಲೇ ಹೊಲಿಯಲು ಕೂತಳು. ತನ್ನದೇ ಎನ್ನಬಹುದಾದ ಮೊದಲ ದೊಡ್ಡ ಕೆಲಸ ಇದು. ಒಂದೊಂದು ಕೋಟಿನ ಕಾಲರಿನ ಒಳಗೂ, ಯಾರಿಗೂ ಕಾಣದಂತೆ, ನೀಲಿ ದಾರದ ಒಂದು ಪುಟ್ಟ ಗಂಟು ಹಾಕಿದ್ದಳು. ಅದು ಅವಳ ಗುರುತು.

ರಿಪೇರಿಯವರಿಗೆ ಫೋನು ಹೋಯಿತು. "ಆ ಗೇರ್ ಇಲ್ಲಿ ಸಿಗಲ್ಲ ತಾಯಿ, ತರಿಸಬೇಕು. ನಾಲ್ಕು ದಿನ," ಎಂದಿತು ಫೋನು. ಪಕ್ಕದ ಮನೆಯ ಮಷಿನ್ನು ತೆಳು ಬಟ್ಟೆಗೆ ಮಾತ್ರ ಸರಿ, ಕೋಟಿನ ದಪ್ಪಕ್ಕೆ ಅದರ ಸೂಜಿ ಇಳಿಯುವುದಿಲ್ಲ. ಹಳೆಯ ಅಂಗಡಿಯಲ್ಲಿ ಆರು ಮಷಿನ್ನುಗಳಿದ್ದವು. ಭಾನುವಾರ ಅದಕ್ಕೆ ಬೀಗ. ಬೀಗವಿಲ್ಲದಿದ್ದರೂ ಅವಳು ಅಲ್ಲಿಗೆ ಹೋಗುತ್ತಿರಲಿಲ್ಲ.

ಆಗ ದಶಾಂಶಪ್ಪ ಎದೆ ಉಬ್ಬಿಸಿದ. ಹದಿನೆಂಟು ವರ್ಷಗಳ ವಿದ್ಯೆ ಒಮ್ಮೆಯೂ ಮನೆಗೆ ಉಪಯೋಗವಾಗಿರಲಿಲ್ಲ. ಚರಿತ್ರೆ ತನ್ನ ಬಾಗಿಲಿಗೆ ಬಂದು ಕದ ತಟ್ಟುತ್ತಿದೆ ಎಂದೇ ಅವನಿಗೆ ಅನ್ನಿಸಿತು.

"ಒಂದು ಹಲ್ಲು ತಾನೇ ಮುರಿದಿರೋದು? ನಾನು ಕಟ್ಟಿಕೊಡ್ತೀನಿ."

"ನೀವಾ?"

"ಮನುಷ್ಯ ಜೋರಾಗಿ ಕಚ್ಚಿದ್ರೆ ದವಡೆ ಹಲ್ಲಿನ ಮೇಲೆ ಅರವತ್ತು ಎಪ್ಪತ್ತು ಕಿಲೋ ಭಾರ ಬೀಳುತ್ತೆ, ಗೊತ್ತಾ? ಅದನ್ನ ದಿನಾ ತಡೆಯೋ ಪದಾರ್ಥ ನನ್ನ ಪೆಟ್ಟಿಗೇಲಿದೆ. ನಿನ್ನ ಮಷಿನ್ನು ಯಾವ ಲೆಕ್ಕ! ಈ ಚಕ್ರ ಸವೆದು ಹೋದ್ರೂ ನಾನು ಕಟ್ಟಿದ ಹಲ್ಲು ಸವೆಯಲ್ಲ."

"ನನ್ನ ಬಾಯಲ್ಲಿರೋದಕ್ಕೆ ಇಪ್ಪತ್ತೆಂಟು ವರ್ಷ ಆಯ್ತು," ಎಂದರು ಅತ್ತೆ ಬಾಗಿಲಲ್ಲಿ ನಿಂತು. "ಒಂದು ದಿನಾನೂ ಬಡಾಯಿ ಕೊಚ್ಚಿಲ್ಲ."

ಪೆಟ್ಟಿಗೆ ಬಂತು. ಅವಧಿ ಮೀರಿತೆಂದು ಪ್ರಯೋಗಾಲಯ ಎಸೆಯಲಿದ್ದ ಮಾದರಿಗಳನ್ನು ದಶಾಂಶಪ್ಪ ಮನಸ್ಸು ಬಾರದೆ ಮನೆಗೆ ತಂದು ಜೋಡಿಸಿಟ್ಟಿದ್ದ. ಜೊತೆಗೆ ಅವನ್ನು ಗಟ್ಟಿಯಾಗಿಸುವ ಒಂದು ಹಳೆಯ ನೀಲಿ ದೀಪ. ಎರಡು ಕೊಳವೆಗಳನ್ನು ಹೊರತೆಗೆದ. ಒಂದರಲ್ಲಿ ಜಿರ್ಕೋನಿಯಾ ಎಂಬ ಗಡಸು ಪಿಂಗಾಣಿಯ ಕಣ ಬೆರೆಸಿದ ಪದಾರ್ಥ; ಗಡಸುತನದ ಪರೀಕ್ಷೆಯಲ್ಲಿ ಆ ವರ್ಷದ ಮೊದಲ ಸ್ಥಾನ ಅದಕ್ಕೆ. ಪ್ರಯೋಗಾಲಯದಲ್ಲಿ ಅದರ ಅಡ್ಡಹೆಸರು ರಾಜ. ಇನ್ನೊಂದು, ಶಾಶ್ವತ ಹಲ್ಲು ತಯಾರಾಗುವ ತನಕ ನಾಲ್ಕು ವಾರದ ಮಟ್ಟಿಗೆ ವೈದ್ಯರು ಹಚ್ಚುವ ಮೆತ್ತನೆಯ ತಾತ್ಕಾಲಿಕ ಪದಾರ್ಥ. ಅದರ ಅಡ್ಡಹೆಸರು ಬಾಡಿಗೆದಾರ.

"ಇದು ಯಾಕೆ ಬೇಡ?" ಹೆಂಡತಿ ಬಾಡಿಗೆದಾರನನ್ನು ಎತ್ತಿಕೊಂಡಳು.

"ಅದಾ? ಅದಕ್ಕೆ ಬೆನ್ನುಮೂಳೆನೇ ಇಲ್ಲ. ಸ್ವಲ್ಪ ಭಾರ ಬಿದ್ರೆ ಮಣಿಯುತ್ತೆ."

"ಮಣಿದ್ರೆ ತಪ್ಪೇನು?"

ದಶಾಂಶಪ್ಪ ನಕ್ಕು ರಾಜನ ಮುಚ್ಚಳ ತೆರೆದ.

ಶಸ್ತ್ರಚಿಕಿತ್ಸೆ ಒಂಬತ್ತು ಐವತ್ತಕ್ಕೆ ಶುರುವಾಯಿತು. ನೈಲಾನಿಗೆ ಈ ಪದಾರ್ಥ ಅಂಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕಾಗಿ ಖಾಲಿ ಜಾಗದಲ್ಲಿ ಎರಡು ಸಣ್ಣ ತೂತು ಕೊರೆದು, ಹೆಂಡತಿಯ ಗುಂಡುಸೂಜಿಗಳನ್ನು ತುಂಡರಿಸಿ ಕಂಬಗಳಂತೆ ನೆಟ್ಟ. ಅದರ ಮೇಲೆ ಎರಡು ಮಿಲಿಮೀಟರಿಗಿಂತ ದಪ್ಪವಾಗದಂತೆ ಒಂದೊಂದೇ ಪದರ. ಪದರಕ್ಕೆ ಇಪ್ಪತ್ತು ಸೆಕೆಂಡು ನೀಲಿ ಬೆಳಕು. ಆ ಬೆಳಕಿನಿಂದ ಕಣ್ಣು ಕಾಯುವ ಕಿತ್ತಳೆ ಕನ್ನಡಕ ಒಂದೇ ಇದ್ದುದರಿಂದ ಉಳಿದವರಿಬ್ಬರೂ ಕಣ್ಣು ಮುಚ್ಚಬೇಕೆಂದು ಆಜ್ಞೆಯಾಯಿತು.

"ತೆಗೀಲಾ?" ಎಂದರು ಅತ್ತೆ.

"ಇನ್ನೂ ಹದಿನಾಲ್ಕು ಸೆಕೆಂಡು."

"ನನ್ನ ಮದುವೆ ಫೋಟೋಗೂ ಇಷ್ಟು ಹೊತ್ತು ಕೂರಿಸಿರಲಿಲ್ಲ."

ನಾಲ್ಕು ಪದರ ಏರಿ ಹಲ್ಲು ನಿಂತಿತು. ಅರದಿಂದ ತಿದ್ದಿ ಆಕಾರ ಕೊಟ್ಟ. ನುಣುಪು ಮಾಡಲು ಹೊತ್ತಿರಲಿಲ್ಲ. ವೈದ್ಯರು ಕಚ್ಚಿಸಿ ನೋಡುವ ನೀಲಿ ಕಾಗದದ ಚೂರನ್ನು ಎರಡು ಚಕ್ರಗಳ ನಡುವೆ ಇಟ್ಟು, ಹೆಂಡತಿಗೆ ಮೆಲ್ಲಗೆ ತಿರುಗಿಸಲು ಹೇಳಿದ. "ಕಚ್ಚಲಿ... ನಿಧಾನ... ಹಾಂ, ಈಗ ಸ್ವಲ್ಪ ಅಕ್ಕಪಕ್ಕ..."

"ಬಾಯಿ ಮುಕ್ಕಳಿಸೋದು ಯಾವಾಗ?" ಅತ್ತೆ ಕೇಳಿದರು.

ಹನ್ನೊಂದು ಐದಕ್ಕೆ ಮಷಿನ್ನು ಓಡಿತು. ಹೆಂಡತಿ ಅರೆ ನಿಮಿಷ ಕಿವಿಗೊಟ್ಟು ಕೇಳಿ, ಇಪ್ಪತ್ತನೇ ಕೋಟಿನ ತೋಳನ್ನು ಸೂಜಿಯ ಕೆಳಗೆ ತಳ್ಳಿದಳು. ಆದರೆ ತಳ್ಳುವ ಮೊದಲು ಅವನ ಕಡೆ ಒಮ್ಮೆ ನೋಡಿದಳು. ಆ ಒಂದು ನೋಟಕ್ಕೆ ದಶಾಂಶಪ್ಪನ ಕಾಲು ನೆಲಕ್ಕೆ ತಾಗದಂತಾಯಿತು. ಒಂದು ಬಿಳಿ ಹಾಳೆ ತೆಗೆದು "ಗೃಹೋಪಯೋಗಿ ಯಂತ್ರದಲ್ಲಿ ದಂತಪದಾರ್ಥದ ಯಶಸ್ವೀ ಬಳಕೆ" ಎಂದು ತಲೆಬರಹ ಬರೆದು, ಕೆಳಗೆ ಎರಡು ಗೆರೆ ಎಳೆದ.

ಇಪ್ಪತ್ತನೆಯದು ಮುಗಿಯಿತು. ಇಪ್ಪತ್ತೊಂದನೆಯದರ ಬೆನ್ನಿನ ಹೊಲಿಗೆಯಲ್ಲಿ "ಕಿರ್" ಎಂಬ ಸಣ್ಣ ಸದ್ದು ಎದ್ದಿತು.

"ರೀ, ಇದೇನು?"

"ಹೊಸ ಹಲ್ಲು. ಒಗ್ಗಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು," ಎಂದ ಅವನು, ವರದಿಯಿಂದ ತಲೆ ಎತ್ತದೆ.

ಇಪ್ಪತ್ತೊಂದೂ ಮುಗಿಯಿತು. ಕಿರ್ ಎಂಬುದು ಕಟಕಟ ಆಯಿತು. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಇಪ್ಪತ್ತೆರಡನೇ ಕೋಟು ಮಷಿನ್ನಿನ ಮೇಲಿದ್ದಾಗ, ಸೂಜಿ ತಾಳ ತಪ್ಪಿ, ಕೆಳಗೆ ದಾರ ಹಿಡಿಯುವ ಕೊಕ್ಕೆಗೆ ಬಡಿದು ಎರಡು ತುಂಡಾಯಿತು. ದಾರ ಗಂಟುಗಟ್ಟಿ ಗುಬ್ಬಿಗೂಡಾಯಿತು. ಹೆಂಡತಿ ಬಟ್ಟೆಯನ್ನು ಬಿಡಿಸಿ ಎತ್ತಿದಳು. ಬಿಳಿ ತೋಳಿನ ಮೇಲೆ, ಎಣ್ಣೆಯೊಂದಿಗೆ ಬೆರೆತ, ಬಂಗಾರದಂತೆ ಮಿನುಗುವ ಒಂದು ಗೆರೆ.

ದಶಾಂಶಪ್ಪ ಭೂತಗನ್ನಡಿ ತಂದ. ನೋಡಿದ. ಭೂತಗನ್ನಡಿಯನ್ನು ಬಟ್ಟೆಯಲ್ಲಿ ಒರೆಸಿ ಮತ್ತೆ ನೋಡಿದ. ಒರೆಸಿದ್ದರಿಂದ ಏನೂ ಬದಲಾಗಲಿಲ್ಲ.

"ಹಿತ್ತಾಳೆ," ಎಂದ. ದನಿ ಕೆಳಗಿಳಿದಿತ್ತು.

ಮುಚ್ಚಳ ಬಿಚ್ಚಿದರು. ರಾಜ ಸಿಂಹಾಸನದ ಮೇಲೆ ಕೂದಲೂ ಕೊಂಕದೆ ವಿರಾಜಮಾನನಾಗಿದ್ದ. ಅವನ ಎದುರಿನ ಎರಡು ಹಿತ್ತಾಳೆ ಹಲ್ಲುಗಳು ಮಾತ್ರ ಮಕ್ಕಳು ಚೀಪಿದ ಪೆನ್ಸಿಲಿನ ತುದಿಯಂತೆ ಆಗಿದ್ದವು. ದೊಡ್ಡ ಚಕ್ರದ ಹಲ್ಲುಗಳು ಚಿಕ್ಕದರ ಎರಡರಷ್ಟೇ ಇದ್ದುದರಿಂದ, ಪ್ರತಿ ಸುತ್ತಿಗೂ ರಾಜ ಹುಡುಕಿಕೊಂಡು ಹೋಗಿ ಅದೇ ಎರಡು ಬಡಪಾಯಿಗಳನ್ನು ಉಜ್ಜಿದ್ದ.

ದಶಾಂಶಪ್ಪ ಭೂತಗನ್ನಡಿ ಕೆಳಗಿಟ್ಟ. "ನಾನು ಬರೆಯೋ ಪ್ರತಿ ವರದಿಯ ನಾಲ್ಕನೇ ಪುಟದಲ್ಲಿ ಇದೇ ಇರುತ್ತೆ. ತುಂಬಿದ ಪದಾರ್ಥ ಎಷ್ಟು ಗಟ್ಟಿ ಅನ್ನೋದಲ್ಲ ಮುಖ್ಯ. ಅದು ಎದುರು ಹಲ್ಲನ್ನ ತಿಂದುಹಾಕಬಾರದು. ಹದಿನೆಂಟು ವರ್ಷದಿಂದ ಬರೀತಿದೀನಿ."

"ದೀಪದ ಬುಡದಲ್ಲಿ ಕತ್ತಲೆ ಅಂತಾರೆ," ಎಂದರು ಅತ್ತೆ. "ನಿಮ್ಮದು ನೀಲಿ ದೀಪ. ಕತ್ತಲೆಯೂ ಸ್ವಲ್ಪ ದುಬಾರಿದು."

ಹೆಂಡತಿ ಕೊಳೆಯಾದ ತೋಳಿನ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಎಣ್ಣೆ ಹೀರಲೆಂದು ಬದಿಗಿಟ್ಟಳು. ಆಮೇಲೆ ಹೊಲಿಯದೆ ಉಳಿದ ಕಾಲರುಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಒಳಗಿನ ನೀಲಿ ಗಂಟುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಇಪ್ಪತ್ತನಾಲ್ಕಕ್ಕೂ ಮೊದಲೇ ಗುರುತು ಹಾಕಿಬಿಟ್ಟಿದ್ದೆ ರೀ. ಕೋಟು ಆಗೋಕೆ ಮುಂಚೇನೇ. ಹಾಗೆ ಮಾಡಬಾರದಾಗಿತ್ತೇನೋ."

ಬೈದಿದ್ದರೆ ದಶಾಂಶಪ್ಪ ತಡೆದುಕೊಳ್ಳುತ್ತಿದ್ದ. ಬೈಗುಳದ ಭಾರಕ್ಕೆ ಅವನು ಮದುವೆಯಾದ ಹದಿನಾರು ವರ್ಷಗಳಲ್ಲಿ ಸಾಕಷ್ಟು ಪಳಗಿದ್ದ. ಈ ಮಾತಿಗೆ ಮಾತ್ರ ಅವನೊಳಗೆ ಏನೋ ಬಿರುಕು ಬಿಟ್ಟಿತು. ಎಷ್ಟು ಭಾರಕ್ಕೆ ಬಿಟ್ಟಿತು ಎಂದು ಅಳೆಯುವ ಯಂತ್ರ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ.

ಅವಳು ಕಾಲರುಗಳನ್ನು ಎತ್ತಿಟ್ಟು ಪೆಟ್ಟಿಗೆಯನ್ನು ಎಳೆದುಕೊಂಡಳು.

"ಆ ಬಾಡಿಗೆದಾರನ್ನ ಒಂದು ಹನಿ ಹಾಕಿ ಗಟ್ಟಿ ಮಾಡಿ."

ಮಾಡಿದ. ಅವಳು ಹೊಸ ಸೂಜಿಯೊಂದನ್ನು ತೆಗೆದು, ಅದರ ತುದಿಯಿಂದ ಮೊದಲು ರಾಜನನ್ನು ಕೆರೆದಳು. ಗುರುತೇ ಬೀಳಲಿಲ್ಲ. ನೈಲಾನ್ ಚಕ್ರವನ್ನು ಕೆರೆದಳು, ಸಣ್ಣ ಗೀರು. ಬಾಡಿಗೆದಾರನನ್ನು ಕೆರೆದಳು, ಅಂಥದ್ದೇ ಸಣ್ಣ ಗೀರು.

"ಇವೆರಡೂ ಒಂದೇ ಮನೆಯವು," ಎಂದಳು. "ಇದನ್ನೇ ಕಟ್ಟಿ."

ದಶಾಂಶಪ್ಪ ಬೆರಗಾಗಿ ನೋಡಿದ. ಪ್ರಯೋಗಾಲಯದಲ್ಲಿ ಇದೇ ಕೆಲಸಕ್ಕೆ ವಜ್ರದ ಮೊನೆಯ ಯಂತ್ರವೊಂದು ಅರ್ಧ ಕೋಣೆ ತುಂಬಿಕೊಂಡಿದೆ. "ಆದ್ರೆ ಇದು ಎಷ್ಟು ದಿನ ಬಾಳುತ್ತೆ ಅಂತ ಹೇಳೋಕೆ ಆಗಲ್ಲ," ಎಂದ.

"ದಿನ ಯಾರಿಗೆ ಬೇಕು? ಮೂರು ಕೋಟು ಬಾಳಿದ್ರೆ ಸಾಕು."

ರಾಜನನ್ನು ಕೆಳಗಿಳಿಸುವುದು ಸುಲಭವಾಗಿರಲಿಲ್ಲ. ಅರ ಜಾರಿತು, ಬೆರಳು ತರಚಿತು, ಎರಡು ಕೊರೆಯುವ ಮೊನೆಗಳು ಮೊಂಡಾದವು. ನಲವತ್ತು ನಿಮಿಷ ಹೋರಾಡಿದ ಮೇಲೆ ರಾಜ ಪುಡಿಯಾಗಿ ಉದುರಿದ. ಅಷ್ಟರಲ್ಲಿ ಹೆಂಡತಿ ಹಿತ್ತಾಳೆ ಚಕ್ರದ ತಿರುಪು ಸಡಿಲಿಸಿ, ಅದನ್ನು ಅರ್ಧ ಸುತ್ತು ತಿರುಗಿಸಿ, ಸೂಜಿಗೂ ಕೊಕ್ಕೆಗೂ ಮತ್ತೆ ತಾಳ ಕೂಡಿಸಿ ಬಿಗಿದಳು. "ಪೆಟ್ಟು ತಿಂದ ಎರಡು ಹಲ್ಲು ಆ ಕಡೆ ಸುಧಾರಿಸಿಕೊಳ್ಳಲಿ. ಹೊಸದಕ್ಕೆ ಹೊಸ ಜೊತೆ ಸಿಗಲಿ."

ಇದು ಅವನಿಗೆ ಹೊಳೆದಿರಲಿಲ್ಲ.

ಹೊಸ ಹಲ್ಲು ಕಟ್ಟುವಾಗ ಅತ್ತೆ ಯಾರೂ ಹೇಳದೆಯೇ ಕಣ್ಣು ಮುಚ್ಚಿ ಕೂತರು. "ಈ ಸಲ ಮೆತ್ತಗಿನವನು, ಬೇಗ ತೆಗೀಬಹುದಾ?" ಎಂದು ಕೇಳಿದರು. ಮೂರು ಗಂಟೆ ಹತ್ತಕ್ಕೆ ಮಷಿನ್ನು ಮತ್ತೆ ಓಡಿತು. ಹೆಂಡತಿ ಪೆಡಲನ್ನು ಅರ್ಧಕ್ಕಿಂತ ಕೆಳಗೆ ಒತ್ತಲಿಲ್ಲ. ದಶಾಂಶಪ್ಪ ನೆಲದ ಮೇಲೆ ಕೂತು, ಮಷಿನ್ನಿನ ಮಗ್ಗುಲಿಗೆ ಕಿವಿ ಇಟ್ಟು, ಸದ್ದು ಬಾರದಿರಲೆಂದು ಕಾದ. ಇಂಥ ಪರೀಕ್ಷೆಯನ್ನು ಅವನು ಹಿಂದೆಂದೂ ಮಾಡಿರಲಿಲ್ಲ.

"ಅಲ್ಲಿ ಕಿವಿ ಇಟ್ಟುಕೊಂಡು ಏನು ಮಾಡ್ತೀರಿ? ಬನ್ನಿ, ಗುಂಡಿ ಹೊಲೀರಿ," ಎಂದು ಅತ್ತೆ ಕರೆದರು. ಅವನು ಹೋಗಿ, ಗುಂಡಿಯ ನಾಲ್ಕು ತೂತುಗಳ ನಡುವಿನ ಅಂತರವನ್ನು ವರ್ನಿಯರು ಎಂಬ ಸೂಕ್ಷ್ಮ ಮಾಪಕದಿಂದ ಅಳೆದು, ಸೀಮೆಸುಣ್ಣದಿಂದ ಗುರುತು ಹಾಕಿ, ಹನ್ನೊಂದು ನಿಮಿಷದಲ್ಲಿ ಒಂದು ಗುಂಡಿ ಹೊಲಿದ. ಅಷ್ಟರಲ್ಲಿ ಅತ್ತೆ ಐದು ಮುಗಿಸಿದ್ದರು. ಅವನು ಹೊಲಿದ ಗುಂಡಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಚೆನ್ನಾಗಿದೆ ಅಳಿಯಂದಿರೇ. ಈ ಕೋಟಿನವನು ಡಾಕ್ಟರ್ ಆಗೋ ಹೊತ್ತಿಗೆ ಎರಡನೇದೂ ಮುಗಿಯುತ್ತೆ," ಎಂದರು. ಆದರೂ ಸೂಜಿಗೆ ದಾರ ಪೋಣಿಸಿ ಮತ್ತೆ ಅವನ ಕೈಗೇ ಕೊಟ್ಟರು.

ನಾಲ್ಕು ನಲವತ್ತಾರಕ್ಕೆ ಇಪ್ಪತ್ತನಾಲ್ಕನೇ ಕೋಟಿನ ಕೊನೆಯ ಅಂಚು ಮುಗಿಯಿತು. ಇಪ್ಪತ್ತೆರಡನೆಯದರ ತೋಳಿನಿಂದ ಸೀಮೆಸುಣ್ಣ ಕೊಡವಿ, ಸೋಪು ಹಚ್ಚಿ, ಇಸ್ತ್ರಿ ಒತ್ತಿದಾಗ ಬಂಗಾರದ ಗೆರೆ ಕಾಣಲಿಲ್ಲ. ನಾಲ್ಕು ಐವತ್ತೆಂಟಕ್ಕೆ ವ್ಯಾನು ಬಂತು. ಇಳಿದು ಬಂದ ಕಾಲೇಜಿನ ಮೇಡಂ ಒಂದೊಂದು ಕೋಟನ್ನೂ ಎತ್ತಿ, ಹೊಲಿಗೆ ಎಳೆದು ನೋಡಿ, ಒಂದರ ಕಾಲರು ಮಗುಚಿದರು.

"ಈ ನೀಲಿ ಗಂಟೇನು?"

"ನನ್ನ ಗುರುತು ಮೇಡಂ. ಬೇಡ ಅಂದ್ರೆ ಬಿಚ್ಚಿಕೊಡ್ತೀನಿ."

"ಯಾಕೆ ಬಿಚ್ಚಬೇಕು? ಯಾರು ಹೊಲಿದದ್ದು ಅಂತ ಗೊತ್ತಾಗಲಿ. ಮುಂದಿನ ವರ್ಷ ಮೂವತ್ತೆರಡು ಜನ ಬರ್ತಾರೆ. ಈಗಲೇ ಹೇಳಿರ್ತೀನಿ."

"ಮೂವತ್ತೆರಡು," ಎಂದರು ಅತ್ತೆ, ವ್ಯಾನು ಬೀದಿಯ ತಿರುವು ದಾಟಿದ ಮೇಲೆ. "ಬಾಯಿ ತುಂಬ ಆಯ್ತು."

ದಶಾಂಶಪ್ಪ ಮಷಿನ್ನಿನ ತಳ ಬಿಚ್ಚಿ ನೋಡಿದ. ಬಾಡಿಗೆದಾರ ಮೂಲೆಗಳಲ್ಲಿ ಸವೆದು ದುಂಡಗಾಗಿದ್ದ. ಅವನ ಎದುರಿನ ಹಿತ್ತಾಳೆ ಹಲ್ಲುಗಳ ಮೇಲೆ ಒಂದು ಗೀರೂ ಇರಲಿಲ್ಲ. ಅಳೆಯಲೆಂದು ವರ್ನಿಯರು ಎತ್ತಿದವನು, ಬೆಳಿಗ್ಗೆ ಎರಡು ಗೆರೆ ಎಳೆದಿದ್ದ ವರದಿಯ ಹಾಳೆಯನ್ನು ಕಂಡು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ.

"ಇವತ್ತು ನೀನು ನನಗೆ ಪಾಠ ಕಲಿಸಿದೆ," ಎಂದ.

"ಹೊಸದಾಗಿ ಕಲಿತವರ ಹಾಗೆ ಮುಖ ಮಾಡಬೇಡಿ. ನನಗೆ ಹೇಳಿಕೊಟ್ಟವರು ನೀವೇ."

"ನಾನಾ? ಯಾವಾಗ?"

ಅವಳು ಕಪಾಟಿನ ಕೆಳಗಿನ ಅರೆಯಿಂದ ಹಳೆಯ ಅಳತೆ ಪುಸ್ತಕವೊಂದನ್ನು ತೆಗೆದಳು. ಅಂಗಡಿಯ ಕಡೆಯಿಂದ ಪ್ರಯೋಗಾಲಯದವರ ಕೋಟಿಗೆ ಅಳತೆ ತೆಗೆಯಲು ಹೋಗಿದ್ದಾಗಿನ ಪುಸ್ತಕ. ಅವರಿಬ್ಬರೂ ಮೊದಲು ಮಾತಾಡಿದ್ದು ಆ ದಿನವೇ, ಮದುವೆಗೆ ಒಂದು ವರ್ಷ ಮುಂಚೆ. ಹಾಳೆ ತಿರುವಿ ಅವನ ಮುಂದಿಟ್ಟಳು. ಹೆಸರಿನ ಜಾಗದಲ್ಲಿ ಪೆನ್ಸಿಲಿನಿಂದ "ಉದ್ದ ಕಡ್ಡಿ, ಕನ್ನಡಕ" ಎಂದಿತ್ತು.

"ಎರಡೂ ಕೈ ಚಾಚಿ ನಿಂತು ನಡುಗ್ತಾ ಇದ್ರಿ. ಪಾಪ ಅನ್ನಿಸಿ, ನಿಮ್ಮ ಕೆಲಸ ಏನು ಅಂತ ಕೇಳಿದೆ. ಒಂದೇ ಉಸಿರಲ್ಲಿ ಹೇಳಿದ್ರಿ. ಒಳ್ಳೇದು ಅಂದ್ರೆ ಗಟ್ಟಿಯಾಗಿರೋದಲ್ಲ, ಎದುರಿಗಿರೋ ಹಲ್ಲಿನ ಜೊತೆಜೊತೆಗೇ ಸವೆಯೋದು ಅಂತ. ಎಷ್ಟು ಸವೀಬೇಕು ಅಂತ ಕೇಳಿದೆ. ಅದನ್ನೂ ಹೇಳಿದ್ರಿ. ಅಳತೆ ಬರೆಯೋ ಭರದಲ್ಲಿ ಕೈ ಅದನ್ನೂ ಬರೆದುಬಿಡ್ತು. ಕೋಟು ಕತ್ತರಿಸುವಾಗ ನೋಡಿದೆ, ಇದು ಬಟ್ಟೆಯ ಅಳತೆ ಅಲ್ಲ ಅಂತ."

"ಅಳಿಸಬಹುದಿತ್ತಲ್ಲ?"

"ಅಳಿಸಬಹುದಿತ್ತು," ಎಂದು ಅವಳು ಮುರಿದ ಸೂಜಿಯ ತುಂಡುಗಳನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ಈಗ ಆ ವರ್ನಿಯರು ಕೆಳಗಿಡಿ. ನಮ್ಮಿಬ್ಬರಲ್ಲಿ ಯಾರು ಜಾಸ್ತಿ ಸವೆದಿದ್ದು ಅಂತ ಅಳೆಯೋಕೆ ಹೋಗಬೇಡಿ."

ಅವನು ವರ್ನಿಯರು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ಪುಸ್ತಕದ ಮೇಲೆ ಬಾಗಿದ. ಎದೆ ಮೂವತ್ತಾರು. ಭುಜ ಹದಿನೇಳು. ತೋಳು ಇಪ್ಪತ್ತನಾಲ್ಕೂವರೆ. ಅದರ ಕೆಳಗೆ, ಅದೇ ಪೆನ್ಸಿಲಿನಲ್ಲಿ, ಸ್ವಲ್ಪ ಓರೆಯಾಗಿ: ವರ್ಷಕ್ಕೆ ಮೂವತ್ತು ಮೈಕ್ರಾನ್.